ಪಿಎಚ್‌ಡಿಗೆ ಗೈಡ್ ಆರಿಸುವಾಗ ಅವರ ಪೇಪರ್ ಪಟ್ಟಿಯನ್ನು ಹೇಗೆ ಓದಬೇಕು? (ಜೀವಕೋಶ ವಿಜ್ಞಾನ)

ಮುಳಗುಂದ ನಾಕಾ

ಎಲ್ಲರಿಗೂ ನಮಸ್ಕಾರ. ನಾನು ಗದಗಿನವಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಜೀವಕೋಶ ವಿಜ್ಞಾನದಲ್ಲೇ ಪಿಎಚ್‌ಡಿ ಮಾಡಬೇಕು ಅಂತ ಆಸೆ. ಇಬ್ಬರು ಗೈಡ್‌ಗಳ ಹತ್ತಿರ ಮಾತಾಡಿದ್ದೇನೆ. ಒಬ್ಬರ ಪಟ್ಟಿಯಲ್ಲಿ ನೂರಕ್ಕೂ ಜಾಸ್ತಿ ಪೇಪರ್ ಇವೆ. ಇನ್ನೊಬ್ಬರದು ಇಪ್ಪತ್ತರ ಒಳಗೆ. ಅಪ್ಪ "ಜಾಸ್ತಿ ಬರೆದವರ ಹತ್ತಿರ ಸೇರು" ಅಂತಾರೆ. ಸೀನಿಯರ್ ಒಬ್ಬರು "ಎಚ್-ಇಂಡೆಕ್ಸ್ ನೋಡು, ಸಾಕು" ಅಂದರು. ನನಗೆ ಎರಡೂ ಸಮಾಧಾನ ತಂದಿಲ್ಲ. ನಾಲ್ಕೈದು ವರ್ಷದ ಮಾತು, ಸುಮ್ನೆ ಸೇರಿಬಿಡೋಕೆ ಆಗುವುದಿಲ್ಲ ಅಲ್ವಾ?

ಕೇಳುವುದಿಷ್ಟೇ. ಪಟ್ಟಿಯಲ್ಲಿ ಏನನ್ನು ನೋಡಬೇಕು? ಅವರು ಯಾರ ಜೊತೆ ಸೇರಿ ಕೆಲಸ ಮಾಡಿದ್ದಾರೆ ಅನ್ನುವುದರಿಂದ ಏನು ಗೊತ್ತಾಗುತ್ತದೆ? ಇಬ್ಬರ ಹೆಸರನ್ನೂ ಇಲ್ಲಿ ಹಾಕುವುದಿಲ್ಲ. ದಯವಿಟ್ಟು ಊಹೆ ಮಾಡಲೂ ಹೋಗಬೇಡಿ.

ಸಪ್ತಾಪುರ ಬಾವಿ

ತಂಗಿ, ಸೇರುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಾನು ಧಾರವಾಡದವನು, ಈಗ ಬೇರೆ ಊರಿನ ಒಂದು ಜೀವಕೋಶ ಲ್ಯಾಬ್‌ನಲ್ಲಿದ್ದೇನೆ.

ಎಣಿಕೆಯನ್ನು ಸದ್ಯ ಬದಿಗಿಡಿ. ಮೊದಲು ಪ್ರತಿ ಪೇಪರಿನ ಹೆಸರುಗಳ ಸಾಲು ನೋಡಿ. ನಮ್ಮ ಕ್ಷೇತ್ರದಲ್ಲಿ ಒಂದು ರೂಢಿ ಇದೆ. ಮೊದಲ ಹೆಸರು ಹೆಚ್ಚಿನ ಪ್ರಯೋಗ ಮಾಡಿದವರದು, ಅಂದರೆ ವಿದ್ಯಾರ್ಥಿ ಇಲ್ಲವೇ ಪೋಸ್ಟ್‌ಡಾಕ್ (ಪಿಎಚ್‌ಡಿ ಮುಗಿಸಿ ಲ್ಯಾಬ್‌ನಲ್ಲಿ ಕೆಲಸ ಮಾಡುವವರು). ಕೊನೆಯ ಹೆಸರು ಲ್ಯಾಬ್ ನಡೆಸುವವರದು. ಪ್ರಶ್ನೆ ಅವರದು, ಅನುದಾನ ತಂದವರು ಅವರು, ನಾಳೆ ಯಾರಾದರೂ ತಪ್ಪು ತೋರಿಸಿದರೆ ಉತ್ತರ ಕೊಡಬೇಕಾದವರೂ ಅವರೇ. ನಡುವಿನ ಹೆಸರುಗಳು ಒಂದೊಂದು ಭಾಗಕ್ಕೆ ಕೈಜೋಡಿಸಿದವರದು. (ಗಣಿತದವರು ಹೆಸರನ್ನು ಅಕ್ಷರಕ್ರಮದಲ್ಲಿ ಹಾಕುತ್ತಾರೆ. ಅವರ ಪಟ್ಟಿಯನ್ನು ಹೀಗೆ ಓದಬಾರದು.)

ಆ ನೂರು ಪೇಪರ್‌ಗಳಲ್ಲಿ ಆ ಸರ್ ಎಷ್ಟರಲ್ಲಿ ಕೊನೆಯಲ್ಲಿದ್ದಾರೆ? ಅಲ್ಲಿ ಮೊದಲ ಹೆಸರು ಯಾರದು? ಪ್ರತಿ ಎರಡು ಮೂರು ವರ್ಷಕ್ಕೆ ಒಬ್ಬ ಹೊಸ ವಿದ್ಯಾರ್ಥಿಯ ಹೆಸರು ಮೊದಲಿಗೆ ಬರುತ್ತಿದೆಯಾ? ಬರುತ್ತಿದ್ದರೆ ಆ ಲ್ಯಾಬ್‌ನಲ್ಲಿ ಮಕ್ಕಳು ಕೆಲಸ ಕಲಿತು ಹೊರಗೆ ಹೋಗುತ್ತಿದ್ದಾರೆ ಅಂತ ಅರ್ಥ. ಇಡೀ ಪಟ್ಟಿಯಲ್ಲಿ ನಿಮಗೆ ಎಲ್ಲಕ್ಕಿಂತ ಬೇಕಾದ ಸುದ್ದಿ ಇದು.

ಮುಳಗುಂದ ನಾಕಾ

ಅಣ್ಣಾ, ಒಂದು ನಿಜವಾದ ಉದಾಹರಣೆ ಇಟ್ಟುಕೊಂಡು ತೋರಿಸ್ತೀರಾ? ಎಲ್ಲರಿಗೂ ಗೊತ್ತಿರುವವರ ಪಟ್ಟಿ ಆದರೆ ಒಳ್ಳೆಯದು.

ಸಪ್ತಾಪುರ ಬಾವಿ

ಆಯಿತು. ಬೆಂಗಳೂರಿನ ಎನ್‌ಸಿಬಿಎಸ್ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಲ್ಯಾಬ್ ನಡೆಸಿದ ಸತ್ಯಜಿತ್ ಮೇಯರ್ ಅವರ ಪಟ್ಟಿ ತೆಗೆದುಕೊಳ್ಳೋಣ. ಜೀವಕೋಶದ ಹೊರಪೊರೆಯ ಮೇಲೆ ಅವರ ಕೆಲಸ. ಭಟ್ನಾಗರ್ ಪ್ರಶಸ್ತಿ 2003ರಲ್ಲಿ, ಇನ್ಫೋಸಿಸ್ ಪ್ರಶಸ್ತಿ 2012ರಲ್ಲಿ ಬಂತು. ಪ್ರಶಸ್ತಿ ಹಾಗಿರಲಿ, ನಾಲ್ಕು ಪೇಪರ್‌ಗಳನ್ನು ಮಾತ್ರ ನೋಡೋಣ.

1998, ನೇಚರ್ ಜರ್ನಲ್. ಇರುವುದು ಎರಡೇ ಹೆಸರು. ಮೊದಲು ವಿದ್ಯಾರ್ಥಿ ರಜತ್ ವರ್ಮಾ, ಆಮೇಲೆ ಮೇಯರ್. ಪೊರೆಗೆ ಕೊಬ್ಬಿನ ಕೊಂಡಿಯಿಂದ ಅಂಟಿಕೊಂಡ ಕೆಲವು ಪ್ರೋಟೀನ್‌ಗಳಿವೆ, ಜಿಪಿಐ ಪ್ರೋಟೀನ್ ಅಂತಾರೆ. ಅವು ಪೊರೆಯ ಮೇಲೆ ಒಂಟಿಯಾಗಿ ಚದುರಿಲ್ಲ, 70 ನ್ಯಾನೋಮೀಟರ್‌ಗಿಂತ ಚಿಕ್ಕ ಜಾಗಗಳಲ್ಲಿ ಗುಂಪಾಗಿವೆ ಅಂತ ಆ ಪೇಪರ್ ಹೇಳಿತು. ಇಷ್ಟು ಚಿಕ್ಕದು ಮಾಮೂಲಿ ಸೂಕ್ಷ್ಮದರ್ಶಕಕ್ಕೆ ಕಾಣುವುದಿಲ್ಲ. ಹೊಳೆಯುವ ಅಣುಗಳು ಪಕ್ಕಪಕ್ಕ ಇದ್ದಾಗ ಒಂದರಿಂದ ಇನ್ನೊಂದಕ್ಕೆ ಶಕ್ತಿ ದಾಟುತ್ತದೆ. ಅದನ್ನು ಅಳೆದು ಹೇಳಿದರು.

2004, ಸೆಲ್ ಜರ್ನಲ್. ಈಗ ಎಂಟು ಹೆಸರು. ಮೊದಲಿಗೆ ಪ್ರಣವ್ ಶರ್ಮಾ. ನಡುವೆ ಮುಂಬೈ ಟಿಐಎಫ್‌ಆರ್‌ನ ಜಿ. ಕೃಷ್ಣಮೂರ್ತಿ, ಇವರು ಹೊಳಪಿನ ಅಳತೆಯಲ್ಲಿ ಪಳಗಿದವರು. ಭೌತವಿಜ್ಞಾನಿ ಮದನ್ ರಾವ್ ಕೂಡ ಇದ್ದಾರೆ. ಕೊನೆಯಲ್ಲಿ ಮೇಯರ್. ಈ ಸಲ ಅವರು ತಮ್ಮದೇ ಹಳೆಯ ಚಿತ್ರವನ್ನು ಇನ್ನಷ್ಟು ಚೊಕ್ಕ ಮಾಡಿದರು. ಗುಂಪು ಅಂದರೆ ಹೆಚ್ಚೆಂದರೆ ನಾಲ್ಕು ಅಣುಗಳದ್ದು, ಉಳಿದವು ಒಂಟಿಯಾಗೇ ಇರುತ್ತವೆ ಅಂದರು. ಈ ಪೇಪರಿಗೆ ಅಳೆಯುವವರೂ ಬೇಕಿತ್ತು, ಲೆಕ್ಕ ಹಾಕುವವರೂ ಬೇಕಿತ್ತು. ಅದಕ್ಕೇ ಆ ಹೆಸರುಗಳು ಬಂದವು.

2012, ಮತ್ತೆ ಸೆಲ್. ಈಗ ಕೊನೆಯ ಹೆಸರು ಮದನ್ ರಾವ್, ಅದರ ಹಿಂದಿನದು ಮೇಯರ್. ಆ ಗುಂಪುಗಳನ್ನು ಕಟ್ಟುವುದು ಪೊರೆಯ ಕೆಳಗೆ ಸದಾ ಚಲಿಸುವ ಆಕ್ಟಿನ್ ಅನ್ನುವ ಪ್ರೋಟೀನಿನ ಎಳೆಗಳು ಅನ್ನುವ ಸಿದ್ಧಾಂತ ಇಲ್ಲಿ ಮುಂದೆ ಬಂದಿದೆ. ಸಿದ್ಧಾಂತದ ಭಾರ ಜಾಸ್ತಿ ಆದಾಗ ಸಿದ್ಧಾಂತದವರ ಹೆಸರು ಕೊನೆಗೆ ಹೋಯಿತು. ಎಂಟು ವರ್ಷ ಜೊತೆಗಿದ್ದವರು ಜಾಗ ಬದಲಾಯಿಸಿಕೊಂಡಿದ್ದಾರೆ. ಇಬ್ಬರೂ ಸಮಸಮ ನಿಂತು ಕೆಲಸ ಮಾಡುತ್ತಾರೆ ಅಂತ ನಾನು ಇದನ್ನು ಓದುತ್ತೇನೆ.

2015, ಸೆಲ್. ಆ ಆಕ್ಟಿನ್ ಪೊರೆಯ ಒಳಗಡೆ ಇದೆ, ಪ್ರೋಟೀನ್ ಹೊರಗಡೆ ಇದೆ. ಹಾಗಾದರೆ ಇವೆರಡನ್ನು ಜೋಡಿಸುವುದು ಏನು? ಉತ್ತರ, ಒಳಪದರದ ಫಾಸ್ಫಾಟಿಡೈಲ್‌ಸೀರಿನ್ ಅನ್ನುವ ಕೊಬ್ಬು. ಇದನ್ನು ತೋರಿಸೋಕೆ ಬೇಕಾದ ಉದ್ದದ ಕೊಬ್ಬಿನ ಅಣುಗಳನ್ನು ಯಾರಾದರೂ ತಯಾರಿಸಿ ಕೊಡಬೇಕು. ಲೇಖಕರ ಸಾಲಿನಲ್ಲಿ ಜಮ್ಮುವಿನ ರಸಾಯನ ವಿಜ್ಞಾನಿ ರಾಮ್ ವಿಶ್ವಕರ್ಮ ಇದ್ದಾರೆ.

ನೋಡಿ, 17 ವರ್ಷ ಒಂದೇ ಪ್ರಶ್ನೆ. ಪ್ರಶ್ನೆ ಆಳಕ್ಕೆ ಹೋದಂತೆ ಹೊಸ ಕೆಲಸಗಾರರು ಸೇರಿದ್ದಾರೆ. ಯಾವ ಹೆಸರು ಏಕೆ ಬಂತು ಅಂತ ಪೇಪರ್ ಓದಿದರೆ ಗೊತ್ತಾಗುತ್ತದೆ. ನಿಮ್ಮ ಇಬ್ಬರು ಗೈಡ್‌ಗಳ ಪಟ್ಟಿಯನ್ನೂ ಹೀಗೆ ಓದಿ. ಹಳೆಯದರಿಂದ ಹೊಸದಕ್ಕೆ ಬನ್ನಿ. ಬಹಳ ವೆಬ್‌ಸೈಟ್‌ಗಳಲ್ಲಿ ಹೊಸದು ಮೇಲಿರುತ್ತದೆ, ಅಲ್ಲಿಂದ ಶುರು ಮಾಡಿದರೆ ಕಥೆ ತಿಳಿಯುವುದಿಲ್ಲ.

ಉಣಕಲ್ ಕೆರೆ

ಬಹಳ ಚಂದ ಹೇಳಿದಿರಿ ಸರ್. ನಾನು ಹುಬ್ಬಳ್ಳಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಜೀವರಸಾಯನ ಕಲಿಸುತ್ತೇನೆ. ಎಚ್-ಇಂಡೆಕ್ಸ್ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ.

ಇದನ್ನು 2005ರಲ್ಲಿ ಹಿರ್ಷ್ ಅನ್ನುವ ಭೌತವಿಜ್ಞಾನಿ ಮುಂದಿಟ್ಟರು. ಒಬ್ಬರಿಗೆ ಎಚ್-ಇಂಡೆಕ್ಸ್ 15 ಅಂದರೆ, ಕನಿಷ್ಠ 15 ಸಲ ಉಲ್ಲೇಖವಾದ 15 ಪೇಪರ್ ಇವೆ ಅಂತ. ಅವರು ಆ ಪೇಪರಿನಲ್ಲಿ ಎಲ್ಲಿದ್ದರು ಅಂತ ಅದು ಕೇಳುವುದೇ ಇಲ್ಲ. ಮೂವತ್ತು ಜನರ ನಡುವೆ ಹನ್ನೆರಡನೆಯವರಾಗಿದ್ದರೂ ಒಂದೇ ಲೆಕ್ಕ. ವಯಸ್ಸಾದಂತೆ ಏರುತ್ತದೆ, ಇಳಿಯುವುದಿಲ್ಲ. ಪೇಪರ್, ಉಲ್ಲೇಖ ಎಣಿಸುವ ತಾಣಗಳಲ್ಲೂ ವ್ಯತ್ಯಾಸ ಇದೆ, ಗೂಗಲ್ ಸ್ಕಾಲರ್‌ನಲ್ಲಿ ಒಂದು ಅಂಕಿ, ಸ್ಕೋಪಸ್‌ನಲ್ಲಿ ಇನ್ನೊಂದು. ಸ್ಕಾಲರ್ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನಲ್ಲಿ ಅಚ್ಚಾಗುವ ಮೊದಲೇ ಹೊರಗೆ ಹಾಕಿದ ಪೇಪರ್) ಎಲ್ಲವನ್ನೂ ಎಣಿಸುವುದರಿಂದ ಅಲ್ಲಿ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ. ಇಬ್ಬರನ್ನು ಹೋಲಿಸುವುದಾದರೆ ಒಂದೇ ಕಡೆಯ ಅಂಕಿ ಹಿಡಿಯಿರಿ.

ಸೈಟೇಶನ್, ಅಂದರೆ ಉಲ್ಲೇಖ, ಜಾಸ್ತಿ ಅಂದ ಕೂಡಲೇ ದೊಡ್ಡ ಸಂಶೋಧನೆ ಅಂದುಕೊಳ್ಳಬೇಡಿ. ಪ್ರೋಟೀನ್ ಎಷ್ಟಿದೆ ಅಂತ ಅಳೆಯೋಕೆ ನೀಲಿ ಬಣ್ಣ ಬರಿಸುತ್ತೀರಲ್ಲ, ಆ ಲೌರಿ ವಿಧಾನದ 1951ರ ಪೇಪರ್ 2014ರ ಹೊತ್ತಿಗೆ ಮೂರು ಲಕ್ಷಕ್ಕೂ ಹೆಚ್ಚು ಸಲ ಉಲ್ಲೇಖವಾಗಿತ್ತು. ಜಗತ್ತಿನ ಎಲ್ಲ ಪೇಪರ್‌ಗಳಲ್ಲೂ ಅದೇ ಮೊದಲನೆಯದು. ಎರಡನೆಯದು ಲೆಮ್ಲಿ ಅವರ 1970ರ ಪೇಪರ್. ನಿಮ್ಮ ಲ್ಯಾಬ್‌ನ ಜೆಲ್ ಬಫರ್ ಅದರಿಂದಲೇ ಬಂದದ್ದು. ಎರಡೂ ವಿಧಾನದ ಪೇಪರ್‌ಗಳು. ಬಳಸಿದವರೆಲ್ಲ ಹೆಸರು ಹಾಕುತ್ತಾರೆ. ಬೇರೆಯವರ ಕೆಲಸವನ್ನು ಒಟ್ಟುಗೂಡಿಸಿ ಬರೆಯುವ ರಿವ್ಯೂ ಪೇಪರ್‌ಗಳಿಗೂ ಹೀಗೇ ಸೈಟೇಶನ್ ಸುಲಭವಾಗಿ ಬರುತ್ತದೆ. ಪಟ್ಟಿಯಲ್ಲಿ ರಿವ್ಯೂಗಳನ್ನು ಬೇರೆ ಮಾಡಿ, ಆಮೇಲೆ ಉಳಿದದ್ದು ನೋಡಿ.

ಇನ್ನೊಂದು ಸಂಗತಿ ಜೀವಕೋಶದವರಿಗೆ ಗೊತ್ತಿರಬೇಕು. ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪೇಪರ್‌ಗಳಿಗೆ ಸರಾಸರಿ ಎಷ್ಟು ಉಲ್ಲೇಖ ಅನ್ನುವ ಅಂಕಿ) ನೋಡಿ ವಿಜ್ಞಾನಿಯನ್ನು ಅಳೆಯಬೇಡಿ ಅನ್ನುವ 'ಡೋರಾ' ಘೋಷಣೆ ಹುಟ್ಟಿದ್ದೇ ಅಮೆರಿಕದ ಜೀವಕೋಶ ವಿಜ್ಞಾನಿಗಳ ಸಂಘದ ಸಭೆಯಲ್ಲಿ, 2012ರ ಡಿಸೆಂಬರ್, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ.

ಹಾವೇರಿ ಮಾಸ್ತರ

ನನ್ನದು ಬೇರೆಯೇ ಎಚ್ಚರಿಕೆ. ಆ ಪಟ್ಟಿ ನಿಜವಾಗಿ ಅವರದೇನಾ ಅಂತ ಮೊದಲು ನೋಡಿಕೊಳ್ಳಿ.

ನಮ್ಮ ಕಡೆ ಪಾಟೀಲ, ಕುಲಕರ್ಣಿ, ಹಿರೇಮಠ, ದೇಸಾಯಿ ಎಷ್ಟು ಜನ ಇದ್ದಾರೆ! ಜೀವವಿಜ್ಞಾನ, ವೈದ್ಯಕೀಯ ಪೇಪರ್ ಹುಡುಕುವ ಪಬ್‌ಮೆಡ್‌ನ ಪಟ್ಟಿಯಲ್ಲಿ ಅಡ್ಡಹೆಸರು, ಪಕ್ಕದಲ್ಲಿ ಒಂದೆರಡು ಇನಿಷಿಯಲ್, ಅಷ್ಟೇ ಕಾಣುತ್ತದೆ. "ಪಾಟೀಲ ಎಸ್‌ಬಿ" ಅಂತ ಹುಡುಕಿದರೆ ಮೂಳೆ ಡಾಕ್ಟರ್, ಜೋಳದ ತಳಿ ಬೆಳೆಸುವವರು, ಜೀವಕೋಶ ನೋಡುವವರು ಎಲ್ಲ ಒಂದೇ ಸಾಲಿನಲ್ಲಿ ನಿಂತಿರುತ್ತಾರೆ. ಗೂಗಲ್ ಸ್ಕಾಲರ್ ಪುಟಕ್ಕೆ ಬೇರೆಯವರ ಪೇಪರ್ ತಾನಾಗೇ ಸೇರಿಕೊಳ್ಳುವುದೂ ಉಂಟು. ಮದುವೆ ಆದ ಮೇಲೆ ಅಡ್ಡಹೆಸರು ಬದಲಾದ ಹೆಣ್ಣುಮಕ್ಕಳ ಪಟ್ಟಿ ಎರಡು ತುಂಡಾಗುತ್ತದೆ. ಅವರ ಅರ್ಧ ಕೆಲಸ ಯಾರ ಲೆಕ್ಕಕ್ಕೂ ಬರುವುದಿಲ್ಲ. ನನಗೆ ಇದು ಬಹಳ ಬೇಜಾರಿನ ಸಂಗತಿ.

ಊರಿನ ಹೆಸರೂ ಹಾಗೇ. 2014ರ ನವೆಂಬರ್ 1ಕ್ಕೆ ಮೊದಲಿನ ಪೇಪರ್‌ಗಳಲ್ಲಿ 'ಹುಬ್ಲಿ', ಆಮೇಲಿನವುಗಳಲ್ಲಿ 'ಹುಬ್ಬಳ್ಳಿ', ಈಗಲೂ ಎರಡೂ ನಡೆಯುತ್ತವೆ. ಧಾರವಾಡದ ವಿಶ್ವವಿದ್ಯಾಲಯವನ್ನು ಇಂಗ್ಲಿಷ್‌ನಲ್ಲಿ 'ಕರ್ನಾಟಕ್' ಅಂತ ಬರೆಯುತ್ತಾರೆ, ಕೊನೆಯಲ್ಲಿ 'ಎ' ಅಕ್ಷರ ಇಲ್ಲ. ಎಷ್ಟೋ ಲೇಖಕರೇ ಅದನ್ನು ಸೇರಿಸಿ ಬರೆದಿರುತ್ತಾರೆ. ಎರಡೂ ರೀತಿ ಹುಡುಕದಿದ್ದರೆ ಪೇಪರ್ ತಪ್ಪಿಹೋಗುತ್ತವೆ.

ಇದಕ್ಕೆ ಮದ್ದು ಆರ್ಕಿಡ್ ಐಡಿ. 2012ರಿಂದ ಇದೆ, ಪ್ರತಿ ಸಂಶೋಧಕರಿಗೂ ಬೇರೆಯಾದ 16 ಅಂಕಿಯ ಗುರುತು, ದುಡ್ಡು ಬೇಕಿಲ್ಲ. ಗೈಡ್‌ಗೆ ಅದು ಇದ್ದರೆ ಅಲ್ಲಿಂದಲೇ ಓದಲು ಶುರು ಮಾಡಿ. ನೀನೂ ಇವತ್ತೇ ಒಂದು ಮಾಡಿಕೋ ಮಗಾ, ಮೊದಲ ಪೇಪರ್ ಬರುವ ತನಕ ಕಾಯಬೇಡ.

ಕೆಲಗೇರಿ

ಒಂದು ತಕರಾರು ಇದೆ, ಸಿಟ್ಟಾಗಬೇಡಿ. ಎನ್‌ಸಿಬಿಎಸ್ ಉದಾಹರಣೆ ಇಟ್ಟುಕೊಂಡು ನಮ್ಮ ಕಡೆಯ ಲ್ಯಾಬ್‌ಗಳನ್ನು ಅಳೆದರೆ ಅನ್ಯಾಯ ಆಗುತ್ತದೆ. ಅಲ್ಲಿ ಇರುವ ಸೂಕ್ಷ್ಮದರ್ಶಕ ಇಲ್ಲಿಲ್ಲ. ಇಲ್ಲಿನ ಗೈಡ್ ವಾರಕ್ಕೆ ಎಷ್ಟೋ ತಾಸು ಪಾಠ ಮಾಡಿ, ಪರೀಕ್ಷೆ ಪೇಪರ್ ತಿದ್ದಿ, ಉಳಿದ ಹೊತ್ತಿನಲ್ಲಿ ಸಂಶೋಧನೆ ಮಾಡುತ್ತಾರೆ.

ಆದರೂ ಒಳ್ಳೆಯ ಕೆಲಸ ಆಗಿದೆ. ಧಾರವಾಡದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಕೆ. ಸೈದಾಪುರ ಅವರು ಕಪ್ಪೆಗಳ ಸಂತಾನ ಶಾಸ್ತ್ರದ ಮೇಲೆ ಜೀವಮಾನವಿಡೀ ಕೆಲಸ ಮಾಡಿದರು. ಆಮೇಲೆ ಕುಲಪತಿಯೂ ಆದರು. ನೆಲಗಪ್ಪೆಯ ಗೊದಮೊಟ್ಟೆಗಳು ತಮ್ಮ ಒಡಹುಟ್ಟಿದವನ್ನು ಗುರುತಿಸುತ್ತವೆ ಅನ್ನುವ 2000ದ ಪೇಪರಿನಲ್ಲಿ ಇರುವುದು ಎರಡೇ ಹೆಸರು. ಬಂದದ್ದು ಬೆಂಗಳೂರಿನ ವಿಜ್ಞಾನ ಅಕಾಡೆಮಿಯ ಜರ್ನಲ್‌ನಲ್ಲಿ, ಯಾರು ಬೇಕಾದರೂ ಪುಕ್ಕಟೆ ಓದಬಹುದು. ಅದಕ್ಕೆ ಬೇಕಾದದ್ದು ಗೊದಮೊಟ್ಟೆ, ನೀರಿನ ತೊಟ್ಟಿ, ತಾಳ್ಮೆ, ಒಳ್ಳೆಯ ಪ್ರಶ್ನೆ. ಇದು ಜೀವಕೋಶ ವಿಜ್ಞಾನ ಅಲ್ಲ, ಗೊತ್ತು. ಆದರೆ ಕೈಗೆ ಸಿಗುವ ಪ್ರಾಣಿಯಿಂದ ಯಾವ ಪ್ರಶ್ನೆ ಕೇಳಬಹುದು ಅಂತ ಬಲ್ಲ ಗೈಡ್ ಸಿಕ್ಕರೆ ಜರ್ನಲ್ ಹೆಸರು ಚಿಕ್ಕದಿದ್ದರೂ ಸೇರಬಹುದು ಅಂತ ನನ್ನ ಮಾತು.

ಸಪ್ತಾಪುರ ಬಾವಿ

ಕೆಲಗೇರಿಯವರೇ, ತಕರಾರು ಸರಿಯಾಗಿದೆ. ನಾನು ಹೇಳಿದ ಓದುವ ರೀತಿ ಅಲ್ಲಿಗೂ ಹೊಂದುತ್ತದೆ. ಪ್ರಶ್ನೆ ಮುಂದುವರಿದಿದೆಯಾ, ವಿದ್ಯಾರ್ಥಿ ಮೊದಲಿಗಿದ್ದಾನಾ, ಅಷ್ಟೇ ನೋಡುವುದು.

ಸಲಕರಣೆ ಇಲ್ಲದಾಗ ಕೊಲಾಬರೇಶನ್ ಇನ್ನೂ ಮುಖ್ಯ. ಕಾನ್‌ಫೋಕಲ್ ಸೂಕ್ಷ್ಮದರ್ಶಕ ಬೇಕಾದರೆ ಯಂತ್ರಗಳನ್ನು ಹೊರಗಿನವರಿಗೂ ಕೊಡುವ ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಕಡೆ ದುಡ್ಡು ಕಟ್ಟಿ ಸಮಯ ಪಡೆಯಬಹುದು. ಧಾರವಾಡದ ವಿಶ್ವವಿದ್ಯಾಲಯದಲ್ಲೇ ಸೈಫ್ ಅನ್ನುವ ಯಂತ್ರಗಳ ಕೇಂದ್ರ ಇದೆ. ಐ-ಸ್ಟೆಮ್ ಪೋರ್ಟಲ್‌ನಲ್ಲಿ ದೇಶದ ಯಾವ ಲ್ಯಾಬ್‌ನಲ್ಲಿ ಯಾವ ಯಂತ್ರ ಇದೆ ಅಂತ ಹುಡುಕಬಹುದು. ಗೈಡ್ ಇವನ್ನು ಬಳಸಿದ್ದಾರಾ ಅಂತ ಪೇಪರಿನ ಕೊನೆಯ ಕೃತಜ್ಞತೆಯಲ್ಲಿ ಇರುತ್ತದೆ. ನಾನು ಯಾವ ಪೇಪರ್ ತೆರೆದರೂ ಕೃತಜ್ಞತೆಯನ್ನು ಬಿಡದೆ ಓದುತ್ತೇನೆ. ಯಾರು ಆಂಟಿಬಾಡಿ ಕೊಟ್ಟರು, ಯಾರು ಬಿಡುವು ಮಾಡಿಕೊಂಡು ಯಂತ್ರ ತೋರಿಸಿದರು, ಎಲ್ಲ ಅಲ್ಲಿರುತ್ತದೆ. ಒಬ್ಬ ವಿಜ್ಞಾನಿಗೆ ಯಾರು ಸಹಾಯ ಮಾಡುತ್ತಾರೆ ಅನ್ನುವುದು ಅವರ ನಡತೆಯ ಬಗ್ಗೆ ಹೇಳುತ್ತದೆ.

ನವನಗರ

ಹೆಸರಿನ ಸಾಲಿನ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ಒಂದು ಸಂಸ್ಥೆಯಲ್ಲಿ ಪ್ರಯೋಗ ಪೂರ್ತಿ ನಾನು ಮಾಡಿದೆ, ಬರೆದದ್ದೂ ನಾನೇ. ಪೇಪರ್ ಅಚ್ಚಾದಾಗ ನನ್ನ ಹೆಸರು ಮೂರನೆಯದು. ಮೇಲೆ ಬಂದವರಲ್ಲಿ ಒಬ್ಬರು ನಮ್ಮ ಲ್ಯಾಬ್‌ಗೆ ಕಾಲಿಟ್ಟವರೇ ಅಲ್ಲ. ಕೇಳಿದರೆ "ಮುಂದಿನದರಲ್ಲಿ ನೋಡೋಣ" ಅಂದರು. ಮುಂದಿನದು ಬರಲೇ ಇಲ್ಲ. ಅಕ್ಕನಾಗಿ ಹೇಳುತ್ತಿದ್ದೇನೆ, ಕೆಲಸ ಶುರುವಾಗುವ ಮೊದಲೇ ಹೆಸರಿನ ಮಾತು ಆಡಿ. ಆಡಿದ್ದನ್ನು ಇಮೇಲ್‌ನಲ್ಲಿ ಬರೆದು ಕಳಿಸಿ.

ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿಯ ನಿಯಮ ಹೀಗಿದೆ. ಕೆಲಸದಲ್ಲಿ ಗಟ್ಟಿ ಪಾಲು ಇರಬೇಕು, ಬರೆಯುವುದರಲ್ಲಿ ಇಲ್ಲವೇ ತಿದ್ದುವುದರಲ್ಲಿ ಇರಬೇಕು, ಕೊನೆಯ ರೂಪಕ್ಕೆ ಒಪ್ಪಿಗೆ ಕೊಟ್ಟಿರಬೇಕು, ಮುಂದೆ ಪ್ರಶ್ನೆ ಬಂದರೆ ಹೊಣೆ ಹೊರಬೇಕು. ನಾಲ್ಕೂ ಬೇಕು. ಈಗ ಬಹಳ ಜರ್ನಲ್‌ಗಳು ಕೊನೆಯಲ್ಲಿ ಯಾರು ಏನು ಮಾಡಿದರು ಅಂತ ಬರೆಸುತ್ತವೆ. ಅದಕ್ಕೆ ಕ್ರೆಡಿಟ್ ಅನ್ನುವ 14 ಪಾತ್ರಗಳ ಪಟ್ಟಿ ಇದೆ. ನಿಮ್ಮ ಗೈಡ್‌ಗಳ ಪೇಪರಿನಲ್ಲಿ ಆ ಭಾಗ ಓದಿ. 'ಪ್ರಯೋಗ' ಅನ್ನುವ ಕಡೆ ವಿದ್ಯಾರ್ಥಿಯ ಹೆಸರಿದ್ದು, ಸಾಲಿನಲ್ಲಿ ಮಾತ್ರ ಕೆಳಗೆ ಹೋಗಿದ್ದರೆ ಅಲ್ಲಿಂದ ದೂರ ಇರಿ.

ಮುಳಗುಂದ ನಾಕಾ

ಅಕ್ಕಾ, ಓದಿ ಬೇಸರ ಆಯಿತು. ಬರೆದದ್ದಕ್ಕೆ ಥ್ಯಾಂಕ್ಸ್. ಇಮೇಲ್ ಮಾತು ನೆನಪಿಡುತ್ತೇನೆ.

ಇನ್ನೊಂದು ಕೇಳಬೇಕಿತ್ತು. ಪೇಪರ್ ಒಳಗೆ ಹೋದಾಗ ಕೆಲಸ ಗಟ್ಟಿ ಇದೆಯಾ ಅಂತ ನನ್ನಂಥ ಹೊಸಬರಿಗೆ ಗೊತ್ತಾಗುತ್ತದಾ?

ಸಪ್ತಾಪುರ ಬಾವಿ

ಪೂರ್ತಿ ಗೊತ್ತಾಗುವುದಿಲ್ಲ. ಆದರೆ ಚಿತ್ರಗಳನ್ನು ನೋಡೋಕೆ ಕಣ್ಣು ಸಾಕು. ವೆಸ್ಟರ್ನ್ ಬ್ಲಾಟ್ (ಒಂದು ಪ್ರೋಟೀನ್ ಎಷ್ಟಿದೆ ಅಂತ ಪಟ್ಟೆಗಳಲ್ಲಿ ತೋರಿಸುವ ಪರೀಕ್ಷೆ) ಇರುವ ಫಿಗರ್ ಒಂದನ್ನು ತೆಗೆದು ಪರದೆ ತುಂಬ ದೊಡ್ಡದು ಮಾಡಿ. ಮೇಲೆ ಅವರಿಗೆ ಬೇಕಾದ ಪ್ರೋಟೀನಿನ ಕಪ್ಪು ಪಟ್ಟೆಗಳು, ಕೆಳಗೆ ಆಕ್ಟಿನ್ ಅಥವಾ ಜಿಎಪಿಡಿಎಚ್ ಪಟ್ಟೆಗಳು. ಕೆಳಗಿನದು ಜೆಲ್‌ನ ಎಲ್ಲ ಕುಳಿಗೂ ಒಂದೇ ಅಳತೆಯ ಪ್ರೋಟೀನ್ ಹಾಕಿದ್ದೇವೆ ಅನ್ನುವ ಸಾಕ್ಷಿ. ಪಟ್ಟೆಯ ತುದಿಯ ಬಾಗು, ಪಕ್ಕದ ಚಿಕ್ಕ ಚುಕ್ಕಿ, ಹಿನ್ನೆಲೆಯ ಗೀರು ನೋಡಿ. ಅದೇ ಚುಕ್ಕಿ, ಅದೇ ಬಾಗು ಬೇರೆ ಪ್ರಯೋಗದ ಬ್ಲಾಟ್‌ನಲ್ಲೂ ಇದ್ದರೆ ಒಂದೇ ಚಿತ್ರ ಎರಡು ಕಡೆ ಬಂದಿದೆ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಅಳತೆಯ ಗೆರೆ ಇದೆಯಾ, ಎಷ್ಟು ಕೋಶ ಎಣಿಸಿದರು, ಎಷ್ಟು ಸಲ ಪ್ರಯೋಗ ಮಾಡಿದರು ಅಂತ ಬರೆದಿದ್ದಾರಾ ನೋಡಿ.

ಎಲಿಸಬೆತ್ ಬಿಕ್ ಅನ್ನುವ ಸೂಕ್ಷ್ಮಜೀವಿ ವಿಜ್ಞಾನಿ ಹೀಗೇ ಕಣ್ಣಲ್ಲೇ 20,621 ಪೇಪರ್ ನೋಡಿದರು. 3.8% ಪೇಪರ್‌ಗಳಲ್ಲಿ ತಕರಾರಿನ ಚಿತ್ರ ಸಿಕ್ಕವು. 2016ರಲ್ಲಿ ಆ ವರದಿ ಬಂತು. ಎಲ್ಲವೂ ಮೋಸ ಅಲ್ಲ, ಫೈಲ್ ಅದಲುಬದಲಾದದ್ದೂ ಇರುತ್ತದೆ. ಅಚ್ಚಾದ ಪೇಪರ್‌ಗಳ ಮೇಲೆ ಓದುಗರು ತಕರಾರು ಬರೆಯುವ ಪಬ್‌ಪಿಯರ್ ತಾಣದಲ್ಲಿ ಗೈಡ್ ಹೆಸರನ್ನು ಒಮ್ಮೆ ಹುಡುಕಿ. ಯಾರೋ ತಕರಾರು ಎತ್ತಿದ್ದರೆ ಇವರು ಏನು ಉತ್ತರ ಕೊಟ್ಟಿದ್ದಾರೆ ಓದಿ. ಮೂಲ ಬ್ಲಾಟ್ ತಂದು ತೋರಿಸಿದವರ ಮೇಲೆ ನನಗೆ ಗೌರವ ಜಾಸ್ತಿ.

ಸೆಲ್ ಲೈನ್, ಅಂದರೆ ಲ್ಯಾಬ್‌ನಲ್ಲಿ ಬೆಳೆಸುತ್ತಲೇ ಇರುವ ಒಂದೇ ಮೂಲದ ಕೋಶಗಳನ್ನು, ಎಲ್ಲಿಂದ ತಂದರು ಅಂತಲೂ ನೋಡಿ. ನಮ್ಮಲ್ಲಿ ಪುಣೆಯ ಎನ್‌ಸಿಸಿಎಸ್ ಭಂಡಾರದಿಂದ ತರುತ್ತಾರೆ. 1951ರಿಂದ ಬೆಳೆಯುತ್ತಿರುವ ಹೀಲಾ ಅನ್ನುವ ಮನುಷ್ಯರ ಕ್ಯಾನ್ಸರ್ ಕೋಶ ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ಬೇರೆ ಕೋಶಗಳ ಜೊತೆ ಸೇರಿ ಅವನ್ನೇ ನುಂಗಿಬಿಟ್ಟಿದೆ. ಅದಕ್ಕೇ 'ಎಸ್‌ಟಿಆರ್ ಪರೀಕ್ಷೆ ಮಾಡಿಸಿದ್ದೇವೆ' (ಕೋಶ ಯಾವುದು ಅಂತ ಡಿಎನ್‌ಎಯಿಂದ ಗುರುತಿಸುವುದು) ಅನ್ನುವ ಒಂದು ಸಾಲು ವಿಧಾನ ಭಾಗದಲ್ಲಿ ಇದ್ದರೆ ನಂಬಿಕೆ ಬರುತ್ತದೆ.

ಉಣಕಲ್ ಕೆರೆ

ಪೇಪರ್ ಓದೋಕೆ ದುಡ್ಡು ಕೇಳುತ್ತದೆ ಅಂತ ಬಿಡಬೇಡಿ. 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆ 2025ರ ಜನವರಿಯಿಂದ ಶುರುವಾಗಿದೆ, ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸುಮಾರು 13,000 ಜರ್ನಲ್ ಸಿಗುತ್ತವೆ. ಲೈಬ್ರರಿಯಲ್ಲಿ ಕೇಳಿ.

ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ಕೂಡ ನೋಡಿ. ಗೈಡ್ ಹೆಸರಿನಿಂದ ಹುಡುಕಿದರೆ ಅವರ ಹಳೆಯ ವಿದ್ಯಾರ್ಥಿಗಳ ಪ್ರಬಂಧ ಸಿಗುತ್ತವೆ. ನೋಂದಣಿ ಯಾವಾಗ, ಮುಗಿದದ್ದು ಯಾವಾಗ, ಪ್ರಬಂಧದ ಯಾವ ಅಧ್ಯಾಯ ಪೇಪರ್ ಆಯಿತು, ಎಲ್ಲ ಕೂತು ಹೊಂದಿಸಬಹುದು. ಇನ್ನು ದುಡ್ಡು ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಜರ್ನಲ್‌ಗಳು ಪಟ್ಟಿಯಲ್ಲಿ ಜಾಸ್ತಿ ಇದ್ದರೆ ಮುಂದಕ್ಕೆ ಯೋಚನೆಯೇ ಬೇಡ.

ಮುಳಗುಂದ ನಾಕಾ

ಎಲ್ಲರೂ ಹೇಳಿದಂತೆ ಕೂತು ನೋಡಿದೆ. ಹಾಳೆಯ ಮೇಲೆ ವರ್ಷ, ಮೊದಲ ಹೆಸರು, ಕೊನೆಯ ಹೆಸರು ಬರೆದುಕೊಂಡೆ.

ಜಾಸ್ತಿ ಪೇಪರ್ ಇರುವ ಸರ್ ಹೆಚ್ಚಿನವುಗಳಲ್ಲಿ ನಡುವೆ ಇದ್ದಾರೆ. ಕೊನೆಯಲ್ಲಿರುವ ಪೇಪರ್‌ಗಳು ಬೇರೆ ಬೇರೆ ವಿಷಯದವು. ಇಪ್ಪತ್ತರ ಒಳಗಿನ ಮೇಡಂ ಹೆಚ್ಚುಕಡಿಮೆ ಎಲ್ಲದರಲ್ಲೂ ಕೊನೆಯಲ್ಲಿದ್ದಾರೆ, ಮೊದಲ ಹೆಸರು ಪ್ರತಿ ಸಲ ಹೊಸ ವಿದ್ಯಾರ್ಥಿಯದು. ಪ್ರಶ್ನೆ ಒಂದೇ, ಕೋಶ ಹಸಿದಾಗ ತನ್ನ ಭಾಗಗಳನ್ನು ತಾನೇ ಹೇಗೆ ತಿನ್ನುತ್ತದೆ ಅನ್ನುವುದು. ಪುಣೆಯ ಒಂದೇ ಲ್ಯಾಬ್ ಜೊತೆ ಮತ್ತೆ ಮತ್ತೆ ಕೆಲಸ ಮಾಡಿದ್ದಾರೆ. ಆದರೆ ನಡುವೆ ಮೂರು ವರ್ಷ ಒಂದೂ ಪೇಪರ್ ಇಲ್ಲ. ಅದು ಚಿಂತೆ ಹಚ್ಚಿದೆ.

ಸಪ್ತಾಪುರ ಬಾವಿ

ಮೂರು ವರ್ಷ ಖಾಲಿ ಇರುವುದು ಜೀವಕೋಶ ಕೆಲಸದಲ್ಲಿ ಹೊಸದಲ್ಲ. ಇಲಿಯ ಒಂದು ತಳಿ ತಯಾರಾಗೋಕೆ, ರಿವ್ಯೂವರ್ ಕೇಳಿದ ಪ್ರಯೋಗ ಮುಗಿಸೋಕೆ ಅಷ್ಟು ಹಿಡಿಯುತ್ತದೆ. ಆ ವರ್ಷಗಳಲ್ಲಿ ಬಯೋಆರ್‌ಕೈವ್ ಅನ್ನುವ ತಾಣದಲ್ಲಿ ಪ್ರಿಪ್ರಿಂಟ್ ಹಾಕಿದ್ದಾರಾ ನೋಡಿ. ಹೆರಿಗೆ, ಕಾಯಿಲೆ, ಲ್ಯಾಬ್ ಸ್ಥಳಾಂತರ, ಏನು ಬೇಕಾದರೂ ಇರಬಹುದು. ಮೇಡಂ ಅವರನ್ನೇ ವಿನಯದಿಂದ ಕೇಳಿ, ಹೇಳುತ್ತಾರೆ.

ಆ ಸರ್ ಬಗ್ಗೆಯೂ ಅವಸರ ಬೇಡ. ಎಲ್ಲರ ಪೇಪರಿನಲ್ಲೂ ನಡುವೆ ಇರುವವರು ಕೆಲವು ಸಲ ಯಂತ್ರದ ಕೇಂದ್ರ ನಡೆಸುವವರಾಗಿರುತ್ತಾರೆ. ಊರಿನ ಎಲ್ಲ ಲ್ಯಾಬ್‌ಗಳೂ ಅವರ ಮೇಲೆ ನಿಂತಿರುತ್ತವೆ. ಅಂಥವರ ಹತ್ತಿರ ತಂತ್ರ ಚೆನ್ನಾಗಿ ಕಲಿಯಬಹುದು, ಸ್ವಂತ ಪ್ರಶ್ನೆ ಕಟ್ಟುವುದನ್ನು ಕಲಿಯೋದು ಕಷ್ಟ. ನಿಮಗೆ ಯಾವುದು ಬೇಕು ಅಂತ ನೀವೇ ತೀರ್ಮಾನಿಸಬೇಕು. ನನ್ನನ್ನು ಕೇಳಿದರೆ ಮೇಡಂ ಲ್ಯಾಬ್.

ನವನಗರ

ನನ್ನದೂ ಅದೇ. ಆದರೆ ಮೊದಲ ಹೆಸರಿನಲ್ಲಿರುವ ಇಬ್ಬರು ಹಳೆಯ ವಿದ್ಯಾರ್ಥಿಗಳಿಗೆ ಇಮೇಲ್ ಹಾಕಿ, ಫೋನ್‌ನಲ್ಲಿ ಮಾತಾಡಿ. ಪೇಪರಿನ ಮೊದಲ ಕರಡು ಯಾರು ಬರೆದರು, ಪುಣೆಗೆ ಪ್ರಯೋಗಕ್ಕೆ ಹೋದಾಗ ಖರ್ಚು ಯಾರು ಕೊಟ್ಟರು, ಪ್ರಯೋಗ ಕೆಟ್ಟಾಗ ಮೇಡಂ ಏನಂದರು, ಈ ಮೂರು ಕೇಳಿ.

ಮುಳಗುಂದ ನಾಕಾ

ಒಬ್ಬರ ಇಮೇಲ್ ಪೇಪರಿನಲ್ಲೇ ಸಿಕ್ಕಿತು ಅಕ್ಕಾ. ಈಗಷ್ಟೇ ಬರೆದು ಕಳಿಸಿದೆ. ಆರ್ಕಿಡ್ ಐಡಿಯನ್ನೂ ಮಾಡಿಕೊಂಡೆ ಮಾಸ್ತರೇ, ಹೆಸರನ್ನು ಅಪ್ಪನ ಹೆಸರು, ಅಡ್ಡಹೆಸರು ಸೇರಿಸಿ ಪೂರ್ತಿ ಬರೆದಿದ್ದೇನೆ.